ಮೊದಲ ಭಾನುವಾರ, ಹತ್ತರಿಂದ ಹನ್ನೆರಡು

ಮೇ 12

ಪ್ರೀತಿಯ ಮೆಣಸೇ,

ಫೋನಿನಲ್ಲಿ ನೀನು ಹೂಂ ಬಿಟ್ಟರೆ ಉಹೂಂ, ಮೂರನೇ ಮಾತು ಆಡಲ್ಲ. ವಾರಕ್ಕೆ ಐದೇ ನಿಮಿಷ ಕೊಡ್ತಾರೆ, ಅದೂ ದೊಡ್ಡಮ್ಮ ಎದುರಿಗೇ ಕೂತಿರ್ತಾರೆ, ಒಪ್ಪಿದೆ. ಅದಕ್ಕೇ ಕಾಗದ ಬರೀತಿದೀನಿ. ಸ್ಟಾಂಪು ಹಚ್ಚಿದ ಲಕೋಟೆ ನಾಲ್ಕು ಒಳಗಿಟ್ಟಿದೀನಿ, ಬೇರೆ ಹುಡುಗೀರಿಗೆ ದಾನ ಮಾಡಿ ಕೈ ಕೊಡವಿಕೊಳ್ಳಬೇಡ.

ವಿಷಯ ಏನಪ್ಪಾ ಅಂದ್ರೆ, ಅರ್ಜಿ ಕೊಟ್ಟೆ. ನನ್ನ ತಂಗಿಯನ್ನ ಬಾಲಕಿಯರ ನಿಲಯದಿಂದ ನನ್ನ ಜೊತೆ ಕಳಿಸಿಕೊಡಿ ಅಂತ. ಮಕ್ಕಳ ಸಮಿತಿಯವರು ಮೂರು ಜನ ಮೇಜಿನ ಆ ಕಡೆ ಕೂತು, ಹತ್ತೊಂಬತ್ತು ವರ್ಷದ ನನ್ನನ್ನ ಮೇಲಿಂದ ಕೆಳಗೆ ನೋಡಿದರು. ನಿಲಯದ ಮೇಲ್ವಿಚಾರಕಿಯನ್ನ ದೊಡ್ಡಮ್ಮ ಅನ್ನೋದು ನಮಗೆ ಎಂಟು ವರ್ಷದ ಅಭ್ಯಾಸ ನೋಡು, ಅರ್ಜಿಯಲ್ಲೂ ಹಾಗೇ ಬರೆದುಬಿಟ್ಟಿದ್ದೆ. ಗುಮಾಸ್ತ 'ಇವರು ತಂದೆ ಕಡೆಯವರಾ, ತಾಯಿ ಕಡೆಯವರಾ' ಅಂತ ಕೇಳಿದ. ಹೊಡೆದು ಹಾಕಿ ಬೇರೆ ಬರೆದೆ.

ಅವರು ಹೇಳಿದ್ದು ಇಷ್ಟು. ತಿಂಗಳ ಮೊದಲ ಭಾನುವಾರ, ಹತ್ತರಿಂದ ಹನ್ನೆರಡು, ನಾನು ನಿಲಯಕ್ಕೆ ಬಂದು ನಿನ್ನನ್ನ ನೋಡಬೇಕು. ಒಂದೂ ತಪ್ಪದೆ ಮೂರು ಭೇಟಿ ಸಾಲಾಗಿ ಆಗಬೇಕು. ಆಮೇಲೆ ತೀರ್ಮಾನ. ಇದೆಲ್ಲ ನಿನಗೆ ಹದಿನಾರು ತುಂಬೋದರೊಳಗೆ, ಅಂದ್ರೆ ನವೆಂಬರ್ ಮುಗಿಯೋದರೊಳಗೆ. ಇಲ್ಲದಿದ್ದರೆ ನಿನ್ನನ್ನ ದೊಡ್ಡ ಹುಡುಗೀರ ನಿಲಯಕ್ಕೆ ಕಳಿಸ್ತಾರೆ. ಅದು ರೈಲಿನಲ್ಲಿ ಪೂರ್ತಿ ಒಂದು ದಿನದ ದಾರಿ. ಅಲ್ಲಿಗೆ ನೀನು ಹೋದೆ ಅಂದ್ರೆ ನನಗೆ ವರ್ಷಕ್ಕೊಂದು ಸಲ ಸಿಕ್ಕರೆ ಹೆಚ್ಚು.

ಕೆಲಸ ನಿನಗೆ ಗೊತ್ತೇ ಇದೆ, ಆಸ್ಪತ್ರೆಯ ಲಾಂಡ್ರಿ. ಒಗೆದ ಚಾದರವನ್ನ ಇಸ್ತ್ರಿ ಮಾಡೋ ಬಿಸಿ ರೋಲರ್ ಬಾಯಿಗೆ ಕೊಡೋದು ಈಗ ನನ್ನ ಪಾಲು. ಎರಡು ಮೂಲೆ ನಾನು, ಎರಡು ಮೂಲೆ ನನ್ನ ಜೋಡಿಯಾಕೆ. ಒಬ್ಬರು ಒಂದು ಚೂರು ಹಿಂದೆ ಬಿದ್ದರೂ ಚಾದರ ಸೊಟ್ಟಗೆ ಹೋಗಿ ಸಿಕ್ಕಿಕೊಳ್ಳುತ್ತೆ. ಮೊನ್ನೆ ಒಂದು ಚಾದರ ಕೊಡವಿದಾಗ ಯಾರದೋ ಹಲ್ಲಿನ ಸೆಟ್ಟು ಬಿತ್ತು. ಎಲ್ಲ ವಾರ್ಡಿಗೂ ಹೊತ್ತು ತಿರುಗಿದೆವು, ಯಾರೂ ನನ್ನದು ಅನ್ನಲಿಲ್ಲ.

ರೂಮು ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ. ಹಗಲೆಲ್ಲ ನೆಲ ಗುಂಯ್ ಅನ್ನುತ್ತೆ. ಎರಡನೇ ಮಂಚ ತಂದಾಯ್ತು. ಬಾಗಿಲಿಗೆ ಹೊರಗಡೆ ಇದ್ದ ಚಿಲಕ ಬಿಚ್ಚಿಸಿ ಹಾಕಿದೀನಿ, ಇನ್ನು ಒಳಗಿನಿಂದ ಮಾತ್ರ. ಮನೆ ಮಾಲೀಕರು ಇದ್ಯಾಕಮ್ಮ ಅಂದರು. ಸುಮ್ಮನೆ ಅಂದೆ. ನಿನಗೆ ಹೇಳೋದೇನೂ ಬೇಕಿಲ್ಲ.

ಜೂನ್ 2ನೇ ತಾರೀಕು ಹತ್ತು ಗಂಟೆಗೆ ಬರ್ತೀನಿ.

ನಿನ್ನ ಅಕ್ಕ

———

ಮೇ 20

ಉದ್ದಕ್ಕನಿಗೆ,

ತಾರೀಕನ್ನ ಅಷ್ಟು ದಪ್ಪಗೆ ಯಾಕೆ ಬರೀತೀಯ? ಇನ್ನೊಂದು ಸಲ ತಿದ್ದಿದ್ರೆ ಕಾಗದ ತೂತಾಗ್ತಿತ್ತು.

ಎರಡನೇ ಮಂಚ ಕಿಟಕಿ ಕಡೆ ಇದೆಯೋ ಬಾಗಿಲ ಕಡೆಯೋ ಬರೆದಿಲ್ಲ. ನನಗೆ ಗೋಡೆ ಕಡೆ ಬೇಕು.

ನಿನ್ನ ಹಳೇ ಮಂಚಕ್ಕೆ ಹೊಸಬಳು ಬಂದಿದಾಳೆ. ಹನ್ನೆರಡು ವರ್ಷ, ಕಡ್ಡಿ ಹಾಗಿದಾಳೆ. ಬೂಟು ಹಾಕಿಕೊಂಡೇ ಮಲಗ್ತಾಳೆ. ಲೇಸು ಬಿಗಿಯಾಗಿ ಕಟ್ಟಿ, ಹೊದಿಕೆ ಕತ್ತಿನವರೆಗೆ ಎಳೆದುಕೊಂಡು. ಯಾಕೆ ಅಂತ ಕೇಳಿದ್ದಕ್ಕೆ 'ಯಾರಾದ್ರೂ ಹೊರಡು ಅಂದ್ರೆ ತಡ ಆಗಬಾರದಲ್ಲ' ಅಂದಳು. ಅವತ್ತಿಂದ ಅವಳ ಹೆಸರೇ ಬೂಟು. ಊಟಕ್ಕೆ ನನ್ನ ಪಕ್ಕ, ನಲ್ಲಿ ಹತ್ರ ನನ್ನ ಹಿಂದೆ, ಜಿಗಣೆ ಹಾಗೆ ಅಂಟಿಕೊಂಡಿದಾಳೆ. ಬೈದರೂ ಹೋಗಲ್ಲ. ಕನ್ನಡಕ ಹೇಳ್ತಾಳೆ, 'ನಿನಗೆ ಬಾಲ ಬಂತು ಕಣೇ' ಅಂತ. ಕನ್ನಡಕ ಗೊತ್ತಲ್ಲ, ನನ್ನ ಬೆಂಚಿನವಳು, ಈಗಲೂ ಕ್ಲಾಸಿಗೆ ಅವಳೇ ಫಸ್ಟು.

ಮಾತಿನ ಮೇಡಂ, ಅದೇ ಕೌನ್ಸೆಲಿಂಗಿನವರು, ಬುಧವಾರ ಬುಧವಾರ ಬರ್ತಾರೆ. ಈ ಸಲವೂ 'ಆಗ ನಿನಗೆ ಏನನ್ನಿಸಿತು' ಅಂತಲೇ ಕೇಳಿದರು. ಹಸಿವು ಅನ್ನಿಸಿತು ಅಂದೆ. ಬರೆದುಕೊಂಡರು.

ಬರೋದಾದರೆ ಬಾ.

ಮೆಣಸು

———

ಜೂನ್ 3

ಮೆಣಸೇ,

ನಿನ್ನೆ ಬಂದಿದ್ದೆ. ಒಂಬತ್ತೂವರೆಗೇ ಗೇಟಿನ ಹತ್ರ ಇದ್ದೆ. ವಾಚ್‌ಮನ್ ತಾತ ಒಳಗೆ ಹೋಗಿ ಬಂದು 'ಭೇಟಿ ಇಲ್ಲಮ್ಮ' ಅಂದರು. ಶನಿವಾರ ಊಟದ ಹಾಲಿನಲ್ಲಿ ನೀರಿನ ಫಿಲ್ಟರನ್ನ ನೂಕಿ ಬೀಳಿಸಿದ್ಯಂತೆ. ಯಾರೂ ಏನೂ ಅಂದಿರಲಿಲ್ಲವಂತೆ. ಲೋಟ ಹಿಡಿದು ಸಾಲಿನಲ್ಲಿ ನಿಂತಿದ್ದವಳು ಇದ್ದಕ್ಕಿದ್ದ ಹಾಗೆ ಎರಡೂ ಕೈಯಿಂದ ನೂಕಿದಳು ಅಂದರು.

ಗಲಾಟೆ ಮಾಡಿದ ವಾರ ಭೇಟಿ ಇಲ್ಲ ಅನ್ನೋ ನಿಯಮ ನಿನಗೆ ಗೊತ್ತಿಲ್ಲದ್ದಾ? ನಾನು ಅಲ್ಲಿದ್ದಾಗ ಗೋಡೆ ಮೇಲೆ ಅದನ್ನ ಅಂಟಿಸಿದ್ದೇ ನೀನು.

ಬಸ್ಸಿನಲ್ಲಿ ಎರಡು ಗಂಟೆ ಬಂದು, ಎರಡು ಗಂಟೆ ವಾಪಸ್ ಹೋದೆ. ನಿನಗೆ ತಂದಿದ್ದ ಬಾಳೆಹಣ್ಣು ಬಸ್ಸಿನಲ್ಲಿ ಯಾರದೋ ಮಗು ತಿಂತು. ಹೋಗಲಿ, ಇನ್ನೂ ತಿಂಗಳುಗಳಿವೆ. ಜುಲೈ 7 ಬರ್ತೀನಿ. ಹಿಂದಿನ ದಿನ ನೀನು ಕೈ ಕಟ್ಟಿಕೊಂಡು ಒಂದು ಮೂಲೇಲಿ ಕೂತಿರು, ಸಾಕು. ಮಂಚ ಗೋಡೆ ಕಡೆ ಸರಿಸಿದೀನಿ.

ಅಕ್ಕ

———

ಜೂನ್ 16

ಅಕ್ಕ,

ಫಿಲ್ಟರ್ ಮೊದಲೇ ಅಲ್ಲಾಡ್ತಿತ್ತು.

ಸರಿ, ನಾನೇ ನೂಕಿದ್ದು. ಯಾಕೆ ಅಂತ ಕೇಳಬೇಡ. ದೊಡ್ಡಮ್ಮ ಕೇಳಿದರು, ಮಾತಿನ ಮೇಡಂ ಕೇಳಿದರು, ಅಡುಗೆಯವರೂ ಕೇಳಿದರು. ಗೊತ್ತಿದ್ರೆ ಹೇಳ್ತಿರಲಿಲ್ವಾ?

ಈ ಸಲ ಕೈ ಕಟ್ಟಿಕೊಂಡು ಕೂರ್ತೀನಿ.

ಮೆಣಸು

———

ಜುಲೈ 8

ತಂಗಿಗೆ,

ಈ ಸಲ ಬೈಯಬಾರದು ಅಂತ ಅಂದುಕೊಂಡೇ ಬರೆಯೋಕೆ ಕೂತೆ. ಆಗ್ತಿಲ್ಲ.

ಕನ್ನಡಕದವಳು ನಾಲ್ಕು ವರ್ಷದಿಂದ ನಿನ್ನ ಹೋಂವರ್ಕ್ ತಿದ್ದಿ ನಿನ್ನ ಮಾನ ಕಾಪಾಡಿದವಳು. 'ನಾಳೆ ನಿಮ್ಮಕ್ಕ ಬರ್ತಾರಲ್ಲ, ಬಾ, ಜಡೆ ಹಾಕ್ತೀನಿ' ಅಂತ ಬಂದವಳ ವಿಜ್ಞಾನದ ಚಿತ್ರದ ಪುಸ್ತಕ ಕಿತ್ತುಕೊಂಡು ಹರಿದು ಚೂರು ಮಾಡಿದ್ಯಂತಲ್ಲ. ವರ್ಷವೆಲ್ಲ ಬರೆದ ಚಿತ್ರ. ಪರೀಕ್ಷೆಗೆ ಕೊಡಬೇಕಾದದ್ದು. ಆ ಹುಡುಗಿ ಅಳ್ತಾ ಚೂರುಗಳನ್ನ ಬಾಚಿಕೊಳ್ತಿದ್ಲಂತೆ. ನೀನು ನೋಡ್ತಾ ನಿಂತಿದ್ಯಂತೆ.

ಮತ್ತೆ ಗೇಟು. ಮತ್ತೆ 'ಭೇಟಿ ಇಲ್ಲಮ್ಮ'. ವಾಚ್‌ಮನ್ ತಾತನಿಗೆ ನನ್ನ ಮುಖ ನೋಡೋಕೇ ಆಗಲಿಲ್ಲ, ಗೇಟಿನ ಬೀಗ ನೋಡಿಕೊಂಡು ಮಾತಾಡಿದರು.

ನನ್ನ ಜೊತೆ ಬರೋಕೆ ನಿನಗೆ ಇಷ್ಟ ಇಲ್ಲದಿದ್ರೆ ಬಾಯಿ ಬಿಟ್ಟು ಹೇಳು. ನಾನು ಅರ್ಥ ಮಾಡಿಕೊಳ್ತೀನಿ. ಇಲ್ಲ, ಅರ್ಥ ಮಾಡಿಕೊಳ್ಳಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಗೊತ್ತಾದರೂ ಆಗುತ್ತೆ. ಹೀಗೆ ಗೇಟಿನ ಹೊರಗೆ ನಿಂತು ನನಗೆ ಅಭ್ಯಾಸ ಇಲ್ಲ. ಒಳಗೆ ಕೂತು ಕಾಯೋದು ಮಾತ್ರ ಅಭ್ಯಾಸ. ಅಮ್ಮ 'ಭಾನುವಾರ ಬರ್ತೀನಿ' ಅಂತ ಹೇಳಿ ನಮ್ಮನ್ನ ನಿಲಯದಲ್ಲಿ ಬಿಟ್ಟು ಹೋದಮೇಲೆ ಎಷ್ಟು ಭಾನುವಾರ ನಿನಗೆ ತಲೆ ಬಾಚಿ, ಒಗೆದ ಫ್ರಾಕು ಹಾಕಿ ಮೆಟ್ಟಿಲ ಮೇಲೆ ಕೂರಿಸಿದೆ, ನೆನಪಿದೆಯಾ? ನಿನಗೆ ಏಳು ವರ್ಷ. 'ಇವತ್ತು ಬಸ್ಸು ಸಿಕ್ಕಿರಲ್ಲ' ಅಂತ ಪ್ರತಿ ಸಲ ಹೇಳ್ತಿದ್ದೆ. ನನಗೆ ಹನ್ನೊಂದು. ನನಗೆ ಯಾರೂ ಏನೂ ಹೇಳ್ತಿರಲಿಲ್ಲ.

ಆಗಸ್ಟ್ 4. ಬರ್ತೀನಿ. ಈ ಸಲ ಶುರುವಾದರೆ ಮಾತ್ರ ಅಕ್ಟೋಬರಿಗೆ ಮೂರು ಆಗುತ್ತೆ. ಯೋಚನೆ ಮಾಡಿ ಬರಿ.

ಅಕ್ಕ

———

ಜುಲೈ 21

ಅಕ್ಕ,

ಈ ಕಾಗದ ಮೂರು ಸಲ ಬರೆದು ಹರಿದೆ. ಹರಿಯೋದರಲ್ಲಿ ನನಗೆ ಕೈ ಪಳಗಿದೆ ಅಂತ ನೀನು ಹೇಳಬಹುದು. ಹೇಳು.

ಅವತ್ತು ಶನಿವಾರ ನಾನು ಪುಸ್ತಕ ಹರಿದದ್ದು ಸಂಜೆ. ಮಧ್ಯಾಹ್ನ ಇನ್ನೊಂದು ನಡೆದಿತ್ತು. ಬೂಟುಗೆ ಒಬ್ಬ ಸೋದರಮಾವ ಇದಾನೆ. ಅವನೂ ಭಾನುವಾರ ಬರ್ತೀನಿ ಅಂತ ಫೋನ್ ಮಾಡಿದ್ದ. ಅವಳು ವಾರವೆಲ್ಲ ಅದನ್ನೇ ಹೇಳಿ ನನ್ನ ತಲೆ ತಿಂದಿದ್ದಳು. ಶನಿವಾರ ಮಧ್ಯಾಹ್ನ ಬಚ್ಚಲಿಗೆ ಹೋಗಿ ನೋಡ್ತೀನಿ, ಕ್ರಾಫ್ಟಿನ ಕತ್ತರಿ ಹಿಡಿದು ತನ್ನ ಕೂದಲನ್ನ ತಾನೇ ಕತ್ತರಿಸಿಕೊಂಡಿದಾಳೆ. ಒಂದು ಕಡೆ ಬುಡದ ತನಕ, ಇನ್ನೊಂದು ಕಡೆ ಕಿವಿ ತನಕ. ನೆಲದ ತುಂಬ ಕೂದಲು. ಅಯ್ಯೋ ಹುಚ್ಚಿ, ನಾಳೆ ಮಾವ ಬರ್ತಾನಲ್ಲೇ ಅಂದೆ. 'ಹೂಂ, ಅದಕ್ಕೇ' ಅಂದಳು.

ಭಾನುವಾರ ಭೇಟಿ ರದ್ದಾದವರನ್ನ ಹೊಲಿಗೆ ರೂಮಿನಲ್ಲಿ ಕೂರಿಸ್ತಾರಲ್ಲ, ನಾನು ಅಲ್ಲಿದ್ದೆ. ಅವಳು ಬಾಗಿಲ ಹತ್ರ ಕಾಯ್ತಿದ್ದಳು. ಹನ್ನೆರಡಾಯ್ತು. ಮಾವ ಬರಲಿಲ್ಲ. ನನ್ನ ಪಕ್ಕ ಬಂದು ಕೂತು 'ನೋಡಿದ್ಯಾ, ಕೂದಲು' ಅಂದಳು. ಅವನು ನಿನ್ನ ಕೂದಲು ನೋಡೇ ಇಲ್ವಲ್ಲೇ ಅಂದೆ. 'ಯಾರೋ ಹೇಳಿರ್ತಾರೆ' ಅಂದಳು. ಅಳಲೂ ಇಲ್ಲ ಅಕ್ಕ. ಸಮಾಧಾನವಾಗಿದ್ದಳು. ಕೂದಲು ಬೆಳೆದ ಮೇಲೆ ಬರ್ತಾನೆ ಅಂದಳು.

ಅವಳು ಹಾಗಂದಾಗ ನನಗೆ ನನ್ನ ಫಿಲ್ಟರ್ ನೆನಪಾಯ್ತು.

ನೀನು ಬರ್ತೀನಿ ಅಂತ ಬರೆದ ದಿನದಿಂದ ನನ್ನ ತಲೇಲಿ 'ಬರ್ತಾಳಾ, ಬರಲ್ವಾ' ಅಂತ ಒಂದೇ ಸಮ ಸುತ್ತುತ್ತೆ. ದಿನ ಹತ್ರ ಬಂದ ಹಾಗೆ ಜಾಸ್ತಿ. ಶನಿವಾರ ಊಟವೂ ಸೇರಲ್ಲ. ಏನಾದ್ರೂ ಒಡೆದ ತಕ್ಷಣ ನಿಲ್ಲುತ್ತೆ. ನಿಜವಾಗ್ಲೂ ನಿಲ್ಲುತ್ತೆ. ಫಿಲ್ಟರ್ ಬಿದ್ದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ. ನಾಳೆ ಅಕ್ಕನನ್ನ ನೋಡದಿದ್ರೆ ಅದು ಅವಳು ಬರಲಿಲ್ಲ ಅಂತಲ್ಲ, ನಾನೇ ಹಾಗೆ ಮಾಡಿಕೊಂಡೆ ಅಂತ. ಇದು ನನಗೆ ಗೊತ್ತಿರಲಿಲ್ಲ. ಮಾತಿನ ಮೇಡಂ ಎರಡು ವರ್ಷದಿಂದ ಕೇಳ್ತಿದ್ದದ್ದಕ್ಕೆ ಆ ಕಡ್ಡಿಯಂಥವಳು ಕತ್ತರಿ ಹಿಡಿದು ಉತ್ತರ ಹೇಳಿಬಿಟ್ಟಳು.

ಕನ್ನಡಕ ನನ್ನ ಜೊತೆ ಮಾತಾಡಲ್ಲ. ಬೆಂಚು ಬದಲಾಯಿಸಿಕೊಂಡಿದಾಳೆ. ಅವಳು ಜಡೆ ಹಾಕೋಕೆ ಬಾಚಣಿಗೆ ತಂದಿದ್ದಳು, ಅಷ್ಟೇ ತಪ್ಪು ಮಾಡಿದ್ದು.

ಬರೋಕೆ ಇಷ್ಟ ಇದೆ. ಎಷ್ಟು ಅಂತ ಬರೆಯೋಕೆ ಆಗಲ್ಲ. ಆಗಸ್ಟ್ 4ಕ್ಕೆ ನಾನು ಏನೂ ಮಾಡಲ್ಲ. ಹಲ್ಲು ಕಚ್ಚಿಕೊಂಡು ಕೂರ್ತೀನಿ. ಬೂಟುಗೂ ಹೇಳಿದೀನಿ, ನನ್ನ ಕೈ ಹಿಡಿದುಕೊಂಡಿರು ಅಂತ.

ಮೆಣಸು

———

ಆಗಸ್ಟ್ 5

ನನ್ನ ಬಂಗಾರ,

ಹೇಗೆ ಶುರು ಮಾಡಲಿ ಗೊತ್ತಾಗ್ತಿಲ್ಲ. ಇದ್ದದ್ದು ಇದ್ದ ಹಾಗೆ ಬರೀತೀನಿ.

ಶನಿವಾರದಿಂದ ಜ್ವರದ ವಾರ್ಡಿನಿಂದ ಒಂದೇ ಸಮ ಹಳದಿ ಚೀಲ. ಜ್ವರದವರ ಬಟ್ಟೆ ಹಳದಿ ಚೀಲದಲ್ಲೇ ಬರೋದು, ಬೇರೆ ಒಗೀಬೇಕು. ಆಸ್ಪತ್ರೆಯಲ್ಲಿ ವರಾಂಡದಲ್ಲೂ ಮಂಚ ಹಾಕಿದಾರೆ, ಚಾದರ ಸಾಲ್ತಿಲ್ಲ. ಭಾನುವಾರ ನಾನು ರಜೆ ಬರೆಸಿದ್ದೆ. ಏಳು ಗಂಟೆಗೆ ನಿನಗೆ ತಂದಿದ್ದ ಸ್ವೆಟರ್ ಮಡಿಸಿ ಚೀಲಕ್ಕೆ ಹಾಕ್ತಿದ್ದೆ, ಮೇಸ್ತ್ರಿ ರೂಮಿಗೇ ಬಂದ. ನನ್ನ ಜೋಡಿಯಾಕೆ ಜ್ವರ ಬಂದು ಅದೇ ವಾರ್ಡಿನಲ್ಲಿ ಮಲಗಿದಾಳೆ, ರೋಲರ್‌ಗೆ ಕೊಡೋಕೆ ಒಬ್ಬಳೇ ಒಬ್ಬಳು ಉಳಿದಿದಾಳೆ, ಇವತ್ತು ಬರದಿದ್ರೆ ನಾಳೆ ಬರೋದೇ ಬೇಡ ಅಂದ. ನಾನು ಅವನ ಕಾಲು ಹಿಡಿಯೋದೊಂದು ಬಾಕಿ. ಕೆಲಸ ಹೋದರೆ ಸಂಬಳದ ಚೀಟಿ ಇಲ್ಲ, ಚೀಟಿ ಇಲ್ಲದಿದ್ರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತೆ. ಅರ್ಜಿ ಉಳಿಸಿಕೊಳ್ಳೋಕೆ ನಿನ್ನನ್ನ ಬಿಟ್ಟೆ. ಹೋದೆ.

ನಿಲಯಕ್ಕೆ ಫೋನ್ ಮಾಡಿದೆ. ಆಫೀಸಿನಲ್ಲಿ ಯಾರೂ ಎತ್ತಲಿಲ್ಲ, ಗೇಟಿನ ಫೋನಿಗೆ ವಾಚ್‌ಮನ್ ತಾತ ಸಿಕ್ಕರು. ಹೇಳ್ತೀನಿ ತಾಯಿ ಅಂದರು. ಹೇಳಿದರಾ?

ಹತ್ತು ಗಂಟೆಯಾದಾಗ ಗಡಿಯಾರದ ಕಡೆ ನೋಡಿದೆ, ಚಾದರ ಸಿಕ್ಕಿಕೊಳ್ತು. ನೀನು ಏನೂ ಮಾಡಿರಲ್ಲ ಅಂತ ನನಗೆ ಗೊತ್ತಿತ್ತು. ಕೆಲಸ ಮುಗಿಯೋವರೆಗೂ ಅದೊಂದೇ ತಲೇಲಿ. ಇದೊಂದು ಸಲ ನೀನು ಏನೂ ಮಾಡಿರಲ್ಲ.

ಬೈದಾದ್ರೂ ಬರಿ.

ಅಕ್ಕ

———

ಆಗಸ್ಟ್ 14

ಮಗಳೇ,

ನಿನ್ನ ಕಾಗದ ಇದರ ಜೊತೆ ವಾಪಸ್ ಕಳಿಸಬೇಕಿತ್ತು. ನಿನ್ನ ತಂಗಿ ತೆರೆಯದೆ ನನ್ನ ಮೇಜಿನ ಮೇಲಿಟ್ಟು ಹೋದಳು. ಕಳಿಸೋಕೆ ಮನಸ್ಸು ಬರಲಿಲ್ಲ, ನನ್ನ ಡ್ರಾಯರಿನಲ್ಲಿಟ್ಟಿದೀನಿ. ನೀನು ಬರೀತಿರು, ನಾನು ಇಡ್ತಿರ್ತೀನಿ. ಎಂದಾದರೂ ಕೇಳ್ತಾಳೆ.

ಅವತ್ತು ನಡೆದದ್ದು ನಿನಗೆ ತಿಳಿದಿರಲಿ. ಏಳು ಗಂಟೆಗೇ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಭೇಟಿ ರೂಮಿನ ಬೆಂಚಿನ ಮೇಲೆ ಕೂತಳು. ಆ ಚಿಕ್ಕದು, ಬೂಟು, ಅವಳ ಕೈ ಹಿಡಿದುಕೊಂಡು ಪಕ್ಕದಲ್ಲಿ. ತಿಂಡಿಗೆ ಕರೆದರೂ ಏಳಲಿಲ್ಲ. ಹನ್ನೆರಡೂವರೆಗೆ ನಾನೇ ಹೋಗಿ ಏಳಮ್ಮ ಅಂದೆ. ಎದ್ದಳು. ವಾಚ್‌ಮನ್ ನಿನ್ನ ಫೋನಿನ ವಿಷಯ ನನಗೆ ಹೇಳಿದ್ದು ಒಂದು ಗಂಟೆಗೆ. ಗೇಟಿನಲ್ಲಿ ಜನ ಇದ್ದರು, ಮರೆತೆ ಅಂದ. ಅವನಿಗೆ ಬೈದು ನನ್ನ ಗಂಟಲು ಬಿದ್ದುಹೋಯಿತು, ಆದರೆ ಅದರಿಂದ ಏನು ಬಂತು. ನಿನ್ನ ತಂಗಿಗೆ ಹೇಳಿದಾಗ 'ಸರಿ' ಅಂದಳು.

ಈಗ ಹತ್ತು ದಿನದಿಂದ ಎಲ್ಲದಕ್ಕೂ ಸರಿ. ಕೊಟ್ಟದ್ದು ತಿಂತಾಳೆ. ಹೇಳಿದ ಹೊತ್ತಿಗೆ ಏಳ್ತಾಳೆ. ಒಂದು ಲೋಟ ಕೂಡ ಒಡೆದಿಲ್ಲ. ಹೊಸ ಟೀಚರು 'ಎಷ್ಟು ಸುಧಾರಿಸಿದಾಳೆ' ಅಂದರು. ಇಪ್ಪತ್ತಾರು ವರ್ಷದಿಂದ ಇಲ್ಲಿದೀನಿ, ಒಡೆಯುವ ಮಕ್ಕಳಿಗೆ ನಾನು ಹೆದರಲ್ಲ. ಇಂಥ ಸರಿಗೆ ಹೆದರ್ತೀನಿ. ಬೂಟುವನ್ನೂ ಹತ್ರ ಸೇರಿಸ್ತಿಲ್ಲ, ರೂಮು ಬದಲಾಯಿಸಿಕೊಂಡಿದಾಳೆ. ಅದು ಇವಳ ಬಾಗಿಲ ಹೊರಗೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತೆ.

ಭೇಟಿ ಬೇಡ ಅಂತ ನನಗೆ ಬರೆದುಕೊಟ್ಟಿದಾಳೆ. ಮಗುವೇ ಬೇಡ ಅಂದರೆ ಬಲವಂತ ಮಾಡೋ ಹಾಗಿಲ್ಲ. ಉಳಿದಿರೋದು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್. ಮೂರಕ್ಕೆ ಮೂರೇ. ಒಂದು ಹೋದರೂ ಅವಳ ಹೆಸರು ದೊಡ್ಡ ನಿಲಯದ ಪಟ್ಟಿಗೆ.

ನಿನಗೆ ಏನು ಮಾಡು ಅಂತ ಹೇಳೋಕೆ ನನಗೂ ತೋಚ್ತಿಲ್ಲ. ನೀನು ಇಲ್ಲಿದ್ದಾಗ ನನ್ನ ಮಾತು ಯಾವತ್ತು ಕೇಳಿದ್ದೆ? ನಿನ್ನ ಮನಸ್ಸಿಗೆ ಬಂದದ್ದು ಮಾಡು.

ಆಶೀರ್ವಾದ,
ದೊಡ್ಡಮ್ಮ

———

ಸೆಪ್ಟೆಂಬರ್ 2

ಮೆಣಸೇ,

ನೀನು ಇದನ್ನ ಓದಲ್ಲ ಅಂತ ಗೊತ್ತಿದ್ದೇ ಬರೀತಿದೀನಿ. ಒಂದು ರೀತಿ ಆರಾಮ, ನಡುವೆ ಬಾಯಿ ಹಾಕೋರಿಲ್ಲ.

ನಿನ್ನೆ ಬಂದೆ. ನೀನು ಬೇಡ ಅಂದಿದೀಯ ಅಂತ ತಾತ ಹೇಳಿದರು. ಗೊತ್ತು ತಾತ, ನಾನು ಭೇಟಿಗೆ ಬಂದಿಲ್ಲ, ಕೂರೋಕೆ ಬಂದಿದೀನಿ ಅಂದೆ. ಗೇಟಿನ ಎದುರು ಬಸ್ ಸ್ಟಾಪಿನಲ್ಲಿ ಕಲ್ಲುಬೆಂಚು ಇದೆಯಲ್ಲ, ಅಲ್ಲಿ ಹತ್ತರಿಂದ ಹನ್ನೆರಡರವರೆಗೆ ಕೂತೆ. ಏಳು ಬಸ್ಸು ಬಂದವು. ಇಬ್ಬರು ಕಂಡಕ್ಟರುಗಳು ಹತ್ತಮ್ಮ ಹತ್ತಮ್ಮ ಅಂದರು, ಒಬ್ಬ ಬೈದ. ಹನ್ನೆರಡಕ್ಕೆ ಎದ್ದು ಹೊರಟೆ.

ಇನ್ನು ಮೇಲೆ ಮೊದಲ ಭಾನುವಾರ ನಾನು ಬರಲ್ಲ ಅಂತ ಮೇಸ್ತ್ರಿಗೆ ಬರೆದುಕೊಟ್ಟಿದೀನಿ. ಅದಕ್ಕೆ ಬದಲು ಉಳಿದ ಭಾನುವಾರವೆಲ್ಲ ನಾನು ಕೆಲಸಕ್ಕೆ. ಗೊಣಗಿ ಗೊಣಗಿ ಸಹಿ ಹಾಕಿದ. ನೀನು ಒಡಿ, ಹರಿ, ಬೇಡ ಅನ್ನು, ಏನಾದ್ರೂ ಮಾಡು. ಅವರು ನಿನ್ನ ಭೇಟಿ ರದ್ದು ಮಾಡಬಹುದು. ನಾನು ಬರೋದನ್ನ ನೀನಾಗಲಿ ಅವರಾಗಲಿ ರದ್ದು ಮಾಡೋಕೆ ಆಗಲ್ಲ.

ಇನ್ನೊಂದು ವಿಷಯ. ಇದನ್ನ ಯಾರಿಗೂ ಹೇಳಿಲ್ಲ. ಜೂನಿನಲ್ಲಿ ತಾತ 'ಭೇಟಿ ಇಲ್ಲ' ಅಂದರಲ್ಲ, ನಾನು ಬೇಜಾರಿನಲ್ಲಿ ವಾಪಸ್ ಹೋದ ಹಾಗೆ ಬರೆದಿದ್ದೆ. ಪೂರ್ತಿ ನಿಜ ಅಲ್ಲ. ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. ಗೇಟಿನಿಂದ ತಿರುಗಿದ ಮೇಲೆ ಒಂದು ಚಹಾ ಕುಡಿದೆ, ಎರಡು ಇಡ್ಲಿ ತಿಂದೆ. ಸಮಾಧಾನ ಆಯ್ತು ಕಣೇ. ಇವತ್ತಿಗೆ ತಪ್ಪಿತು ಅನ್ನೋ ಸಮಾಧಾನ. ಜುಲೈನಲ್ಲೂ ಹಾಗೇ. ಅದಕ್ಕೇ ನಿನಗೆ ಅಷ್ಟು ಬೈದದ್ದು, ನನ್ನ ಮೇಲಿನ ಸಿಟ್ಟು.

ನನಗೆ ಭಯ. ನಮ್ಮ ಹಳೇ ಮನೇಲಿ ಅಮ್ಮ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದರೆ ಎರಡು ದಿನ ಬರ್ತಿರಲಿಲ್ಲ, ನೀನು ಹಸಿವು ಅಂತ ಅಳ್ತಿದ್ದೆ. ನಿನ್ನ ಬಾಯಿ ಮುಚ್ಚಿಸೋಕೆ ನಾನು ಒಂದು ಸಲ ಹೊಡೆದಿದ್ದೆ. ಒಂದಲ್ಲ. ನೀನು ಮರೆತಿರಬಹುದು. ಮತ್ತೆ ಬಾಗಿಲು ಮುಚ್ಚಿಕೊಂಡು ನಾವಿಬ್ಬರೇ ಇದ್ದರೆ ನಾನು ಏನು ಮಾಡ್ತೀನೋ ನನಗೇ ಗೊತ್ತಿಲ್ಲ. ಮಂಚ ತಂದೆ, ಚಿಲಕ ಬಿಚ್ಚಿಸಿದೆ, ಸ್ವೆಟರ್ ತಂದೆ. ಆ ಭಯಕ್ಕೆ ಏನು ತರಬೇಕೋ ಗೊತ್ತಾಗಲಿಲ್ಲ.

ಆದರೂ ನೀನು ಬೇಕು. ಎರಡೂ ನಿಜ.

ಅಕ್ಕ

———

ಅಕ್ಟೋಬರ್ 7

ಮೆಣಸೇ,

ನಿನ್ನೆಯೂ ಕೂತಿದ್ದೆ. ಬಿಸಿಲು ಸುಡ್ತಿತ್ತು, ಬೆಂಚು ಕಾದ ಹೆಂಚಾಗಿತ್ತು, ಚೀಲ ಹಾಸಿಕೊಂಡು ಕೂತೆ. ಹನ್ನೊಂದರ ಹೊತ್ತಿಗೆ ಎರಡನೇ ಮಹಡಿಯ ಕಿಟಕಿಯಲ್ಲಿ ಒಂದು ತಲೆ ಕಂಡಿತು, ಒಂದು ಕಡೆ ಕೂದಲು ಉದ್ದ, ಒಂದು ಕಡೆ ಮೋಟು. ಬೂಟು ಇರಬೇಕು. ಕೈ ಬೀಸಿದೆ. ಬಗ್ಗಿಬಿಟ್ಟಳು. ಆಮೇಲೆ ಯಾರದೋ ಜೊತೆ ಮಾತಾಡ್ತಿದ್ದ ಹಾಗಿತ್ತು. ಯಾರು ಅಂತ ಕಾಣಲಿಲ್ಲ.

ದೊಡ್ಡಮ್ಮ ಗೇಟಿನವರೆಗೆ ಬಂದು ಗಂಟೆ ನೋಡಿಕೊಂಡು ಹೋದರು.

ನನ್ನ ಜೋಡಿಯಾಕೆ ಹುಷಾರಾಗಿ ಬಂದಿದಾಳೆ. ಮೊದಲ ದಿನ ಇಬ್ಬರ ಕೈಯೂ ಹೊಂದಲಿಲ್ಲ, ಮೂರು ಚಾದರ ಸುಟ್ಟವು.

ನವೆಂಬರ್ 3.

ಅಕ್ಕ

———

ನವೆಂಬರ್ 3, ಬೆಳಿಗ್ಗೆ

ಅಕ್ಕ,

ಇದನ್ನ ಅಂಚೆಗೆ ಹಾಕಲ್ಲ. ನಿನ್ನ ಕೈಗೇ ಕೊಡ್ತೀನಿ. ನೀನು ಬರದಿದ್ರೆ ಹರಿದು ಹಾಕ್ತೀನಿ, ನಾನು ಬರೆದೆ ಅಂತ ಯಾರಿಗೂ ಗೊತ್ತಾಗಲ್ಲ.

ಅಕ್ಟೋಬರಿನಲ್ಲಿ ಬೂಟು ನನ್ನ ರೂಮಿಗೆ ನುಗ್ಗಿ ನನ್ನ ಕೈ ಹಿಡಿದು ಎಳೆದಳು. 'ಅವರು ಮತ್ತೆ ಬಂದು ಕೂತಿದಾರೆ, ನೀನು ಏನೂ ಮಾಡದೆ ಇದ್ರೂ ಬಂದಿದಾರೆ, ಬೇಡ ಅಂದ್ರೂ ಬಂದಿದಾರೆ' ಅಂತ. ಲೆಕ್ಕ ತಪ್ಪಿದ ಹಾಗೆ ಅವಳ ಮುಖ. ಹೋಗಿ ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತೆ, ನಿನಗೆ ಕಾಣದ ಹಾಗೆ. ಹನ್ನೆರಡರವರೆಗೂ ನಿಂತಿದ್ದೆ. ನೀನು ಎರಡು ಸಲ ನೀರು ಕುಡಿದೆ. ಒಂದು ಸಲ ತೂಕಡಿಸಿದೆ.

ಅವತ್ತು ಸಂಜೆ ದೊಡ್ಡಮ್ಮನ ಹತ್ರ ಹೋಗಿ ಕಾಗದ ಕೊಡಿ ಅಂದೆ. ಡ್ರಾಯರಿನಿಂದ ತೆಗೆದುಕೊಟ್ಟರು. ನಿನ್ನ ಸಮಾಧಾನದ ವಿಷಯ ಓದಿ ಮೊದಲು ಮೈಯೆಲ್ಲ ಉರಿದುಹೋಯ್ತು. ಆಮೇಲೆ ನಗು ಬಂತು. ನೀನು ಆ ಕಡೆ ಹೆದರ್ತಾ ನಿಂತಿದ್ದೆ, ನಾನು ಈ ಕಡೆ ಫಿಲ್ಟರ್ ನೂಕ್ತಿದ್ದೆ. ಒಂದೇ ಅಂಗಡಿ ಮಾಲು ಕಣೇ ನಾವು.

ಹೊಡೆದದ್ದು ಮರೆತಿಲ್ಲ. ಹೊಡೆದಮೇಲೆ ನೀನು ಬಾಗಿಲಿಗೆ ತಲೆ ಕೊಟ್ಟು ಅತ್ತದ್ದೂ ಮರೆತಿಲ್ಲ. ನನಗೂ ಭಯ ಇದೆ. ಇಬ್ಬರೂ ಹೆದರಿದ್ರೆ ಒಬ್ಬರಾದರೂ ಎದ್ದು ಕಿಟಕಿ ತೆಗೀತೀವಿ ಅಂತ ಅಂದುಕೊಂಡಿದೀನಿ. ಇದನ್ನ ಬುಧವಾರ ಮಾತಿನ ಮೇಡಂಗೆ ಹೇಳಿದೆ. ಅವರು ಬರೆದುಕೊಳ್ಳಲಿಲ್ಲ, ಪೆನ್ನು ಕೆಳಗಿಟ್ಟರು.

ದೊಡ್ಡಮ್ಮ ಒಂದು ಕೆಲಸ ಮಾಡಿದಾರೆ. ನೀನು ಹೊರಗೆ ಕೂತಿದ್ದ ಎರಡು ಭಾನುವಾರವನ್ನೂ ಭೇಟಿ ಪುಸ್ತಕದಲ್ಲಿ ಬರೆದಿದಾರೆ. 'ಅಕ್ಕ ಬಂದರು, ಹತ್ತರಿಂದ ಹನ್ನೆರಡು, ಗೇಟಿನ ಹೊರಗೆ' ಅಂತ. ಸಮಿತಿಯವರು ಇದ್ಯಾವ ಸೀಮೆ ಭೇಟಿ ಅಂದ್ರಂತೆ. ದೊಡ್ಡಮ್ಮ 'ಬಂದದ್ದು ಬಂದದ್ದೇ, ಒಳಗೆ ಬಿಡದಿದ್ದದ್ದು ನಾವು' ಅಂದ್ರಂತೆ. ಒಪ್ಪಿದಾರೆ. ಆದರೆ ಮೂರನೆಯದು ಇವತ್ತು, ಒಳಗೇ ಆಗಬೇಕು. ಬೇಡ ಅಂತ ಬರೆದುಕೊಟ್ಟಿದ್ದ ಚೀಟಿ ನಾನು ವಾಪಸ್ ತಗೊಂಡೆ.

ಕನ್ನಡಕದವಳಿಗೆ ಎಲ್ಲ ಚಿತ್ರವನ್ನೂ ಮತ್ತೆ ಬರೆದುಕೊಟ್ಟೆ. ಕಪ್ಪೆಯ ಹೃದಯಕ್ಕೆ ಒಂದು ಕೋಣೆ ಜಾಸ್ತಿ ಹಾಕಿದೀಯ ಅಂತ ಮುಖ ಸಿಂಡರಿಸಿದಳು. ಮಾತಾಡಿದಳಲ್ಲ, ಅಷ್ಟು ಸಾಕು. ಬೂಟು ಕೇಳಿದಳು, ನೀನು ಹೋದಮೇಲೆ ಭಾನುವಾರ ಬರ್ತೀಯಾ ಅಂತ. ಬರ್ತೀನಿ ಅನ್ನೋ ಮಾತು ಬಾಯಿಂದ ಹೊರಡಲೇ ಇಲ್ಲ. ಅದನ್ನ ಹೇಳೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಯ್ತು. ಅವಳ ತಲೆ ಬಾಚಿದೆ. ಇದಕ್ಕೆ ಏನು ಮಾಡೋದು ನೀನೇ ಹೇಳಬೇಕು.

ನಿನ್ನೆ ಶನಿವಾರ ಬಹಳ ಕೆಟ್ಟದಾಗಿತ್ತು. ಊಟದ ಹಾಲಿನಲ್ಲಿ ಹೊಸ ಫಿಲ್ಟರ್ ಇದೆ. ಅದರ ಹತ್ರ ಹೋಗಲಿಲ್ಲ. ಮಧ್ಯಾಹ್ನ ಕೈ ತಡೆಯೋಕಾಗದೆ ದೊಡ್ಡಮ್ಮನ ಆಫೀಸಿಗೆ ಹೋಗಿ, ಸಂಜೆವರೆಗೆ ನನ್ನನ್ನ ಇಲ್ಲಿಂದ ಆಚೆ ಬಿಡಬೇಡಿ ಅಂದೆ. ಮುರಿಯುವಂಥದ್ದೆಲ್ಲ ಮೇಜಿನಿಂದ ಎತ್ತಿ ಬೀರುವಿನಲ್ಲಿಟ್ಟು, ಕೂರು ಅಂದರು. ಸಂಜೆವರೆಗೂ ಕೂತಿದ್ದೆ. ಅವರು ಲೆಕ್ಕದ ಕೆಲಸ ಮಾಡ್ಕೋತಿದ್ದರು. ಕೂತಲ್ಲೇ ನಾನು ಅತ್ತುಬಿಟ್ಟೆ. ಅವರು ತಿರುಗಿ ನೋಡಲಿಲ್ಲ, ಒಳ್ಳೇದಾಯ್ತು.

ಈಗ ಹತ್ತಕ್ಕೆ ಐದು ನಿಮಿಷ ಇದೆ. ಏನೂ ಒಡೆದಿಲ್ಲ ಅಕ್ಕ. ಏನೂ ಹರಿದಿಲ್ಲ. ಯಾರಿಗೂ ಹೊಡೆದಿಲ್ಲ, ಯಾರಿಗೂ ಬೈದಿಲ್ಲ, ಬೇಡ ಅಂತ ಹೇಳಿಲ್ಲ. ನೀನು ಬರದಿದ್ರೆ ಅದಕ್ಕೆ ನನ್ನ ಹತ್ರ ಈಗ ಒಂದು ಕಾರಣವೂ ಇಲ್ಲ. ಇಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ಭೇಟಿ ರೂಮಿನಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದೀನಿ.

ನಿನ್ನ ತಂಗಿ